ಮಸ್ಕಿಗೆ ಬಂದ ಕಡಲಿನ ಮದ್ದು

ಮೊನ್ನೆ ಸಿಂಧನೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ನನ್ನ ಕೈಚೀಲದೊಳಗೆ ಒಂದು ಗುಳಿಗೆ ಒಡೆಯಿತು. ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಮೀನೆಣ್ಣೆಯ ಗುಳಿಗೆ. ಅವರೆದುರು ಬೇಡ ಎನ್ನಲು ಬಾಯಿ ಬರಲಿಲ್ಲ, ನುಂಗುವ ಮನಸ್ಸೂ ಇರಲಿಲ್ಲ, ಸುಮ್ಮನೆ ಕೊಂಡು ಚೀಲಕ್ಕೆ ಹಾಕಿಕೊಂಡಿದ್ದೆ. ಬಿಸಿಲಿಗೆ ಕಾದ ಬಸ್ಸು, ಚೀಲದ ಮೇಲೆ ಯಾರದೋ ಜೋಳದ ಗಂಟು, ಒಡೆಯದೆ ಏನಾದೀತು. ಪಕ್ಕದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ ತಂದೀರಿ ಟೀಚರ್, ನಾರಾಕತ್ತೈತಲ್ರಿ," ಎಂದಳು. "ಔಷಧರೀ," ಎಂದೆ. ಆ ವಾಸನೆ ನನಗೆ ಹೊಸದಲ್ಲ. ನಮ್ಮ ಅವ್ವನ ಕೊನೆಯ ವರ್ಷ ಮನೆಯಲ್ಲಿ ಇದ್ದದ್ದು ಅದೇ ವಾಸನೆ.

ಕಡಲಿನ ಸ್ಪಂಜು, ಪಾಚಿ, ಹುಳು, ಮೀನು ಇವುಗಳೊಳಗಿನ ವಸ್ತುಗಳಿಂದ ಮರೆವಿನ ಕಾಯಿಲೆಗೆ ಮದ್ದು ಸಿಕ್ಕೀತೇ ಎಂದು ಹುಡುಕುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಆಗೀಗ ಬರುತ್ತದೆ. ನಾನು ಓದುವುದಿಲ್ಲ, ಪುಟ ತಿರುವುತ್ತೇನೆ. ಬದುಕಿಡೀ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ಹೀಗೆ ಮಾಡಬಾರದು, ಗೊತ್ತು. ಆದರೂ ತಿರುವುತ್ತೇನೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯ ನಡುವೆ ನಮ್ಮ ಮಸ್ಕಿ. ಮುಂದೆ ಅಪ್ಪನ ಬೀಜದ ಅಂಗಡಿ, ಹಿಂದೆ ಮನೆ. ನಾನು ದಿನಾ ಬಸ್ಸು ಹಿಡಿದು ಸಿಂಧನೂರಿಗೆ ಹೋಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳಿ ಬರುತ್ತಿದ್ದೆ. ಮದುವೆಯಾಗಿರಲಿಲ್ಲ. ಆಗದ್ದಕ್ಕೆ ಓಣಿಯವರು ನನ್ನ ನಾಲಿಗೆಯನ್ನು ದೂರುತ್ತಿದ್ದರು, ಪೂರ್ತಿ ಸುಳ್ಳೇನಲ್ಲ.

ಅವ್ವ ಓದಿದವಳಲ್ಲ. ಆದರೆ ಯಾವ ಊರಿನ ಯಾರ ಹೊಲ ಕಪ್ಪು ಎರೆ, ಯಾರದು ಕೆಂಪು ಮಸಾರಿ, ಹೋದ ವರ್ಷ ಅಲ್ಲಿ ಏನು ಬಿತ್ತಿದ್ದರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ರೈತರು ಅಪ್ಪನ ಮುಂದೆ ನಿಂತುಕೊಂಡು ಒಳಗಿದ್ದ ಅವ್ವನನ್ನು ಕೇಳುತ್ತಿದ್ದರು. "ಅಮರಪ್ಪನೋರು ಕುಂತಿರೋದು ಬರೇ ರೊಕ್ಕದ ಗಲ್ಲೆ ಕಾಯಾಕ," ಎಂದು ಅವರು ಚೇಷ್ಟೆ ಮಾಡಿದರೆ ಅಪ್ಪನೂ ನಗುತ್ತಿದ್ದ. ಅಂಥ ನೆನಪಿನ ಹೆಂಡತಿ ಇದ್ದಾಳೆ ಎಂಬುದು ಅವನಿಗೆ ಹೆಮ್ಮೆ.

ಅವಳು ಹೆಸರಾದ ಇನ್ನೊಂದು ವಿದ್ಯೆ ಎಂದರೆ ಒಡಪು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಒತ್ತಾಯ ಮಾಡಿದಾಗ ಮಾತ್ರ, ಒಂದು ಪ್ರಾಸದ ಮಾತು ಕಟ್ಟಿ, ಅದರೊಳಗೆ ಹೆಸರನ್ನು ಅಡಗಿಸಿ ಹೇಳಬೇಕು. ಉಳಿದವರು ಕಲಿತದ್ದನ್ನೇ ಹೇಳಿದರೆ ಅವ್ವ ನಿಂತಲ್ಲೇ ಹೊಸದು ಕಟ್ಟುತ್ತಿದ್ದಳು. "ಮಸ್ಕಿ ಗುಡ್ಡಕ್ಕ ಮೋಡ ಬಂದಾವ, ಕಾಲುವಿಗೆ ಕೆಂಪು ನೀರು ಬಂದಾವ, ಅಮರಪ್ಪನೋರು ಅಂಗಡಿ ಮುಚ್ಚಿ ಬರೋ ಹೊತ್ತಿಗೆ ನನ್ನ ರೊಟ್ಟಿ ಉಬ್ಬ್ಯಾವ." ಇಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹೊರಗೆ ಗಂಡಸರ ಪಂಗ್ತಿಯಲ್ಲಿ ಕೂತ ಅಪ್ಪ ಕೇಳದವನಂತೆ ನಟಿಸುತ್ತಿದ್ದ, ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಆ ಬೇಸಿಗೆಯಲ್ಲಿ ವಳಕಮದಿನ್ನಿಯ ಬೀಗರ ಮದುವೆಗೆ ಹೋಗಿದ್ದೆವು. ಎಂದಿನಂತೆ ಹೆಂಗಸರು ಅವ್ವನ ಕೈ ಹಿಡಿದೆಳೆದು ನಡುವೆ ನಿಲ್ಲಿಸಿದರು. ಅವ್ವ ಬಾಯಿ ತೆರೆದಳು, ಮೋಡ ಎಂದಳು, ನಿಂತಳು. ಮತ್ತೆ ಮೋಡ ಎಂದಳು. ನಕ್ಕಳು. "ವಯಸ್ಸಾದ ಮ್ಯಾಲೆ ನಾಚಿಕಿ ಜಾಸ್ತಿ ಆಗೈತಿ ನೋಡ್ರಿ," ಎಂದು ಯಾರೋ ಅಂದರು, ಎಲ್ಲರೂ ಕೈ ತಟ್ಟಿದರು, ನಾನೂ ತಟ್ಟಿದೆ. ಅಪ್ಪ ಅವತ್ತು ಬಸ್ಸಿನಲ್ಲಿ ಇಡೀ ದಾರಿ ಆ ನಾಚಿಕೆಯನ್ನೇ ನೆನೆದು ಮುಸಿಮುಸಿ ನಗುತ್ತಿದ್ದ.

ಆಮೇಲೆ ಮುಂಗಾರು ಹನಿದು ಅಂಗಡಿಯಲ್ಲಿ ಗದ್ದಲ ಶುರುವಾಯಿತು. ಅವ್ವ ತೊಗರಿ ಕೇಳಿದವನಿಗೆ ಸಜ್ಜೆ ಅಳೆದಳು. ಊಟ ಮಾಡಿದ ಮೇಲೆ, ಇನ್ನೂ ಯಾಕೆ ಊಟಕ್ಕೆ ಕರೆದಿಲ್ಲ ಎಂದು ಸಿಟ್ಟಾದಳು. ಮನೆಯಿಂದ ಹೊರಟು ತನ್ನ ತವರು ಲಿಂಗಸುಗೂರಿನ ದಾರಿ ಹಿಡಿದಳು. ಹಳ್ಳದ ಹತ್ತಿರ ಯಾರೋ ಗುರುತಿಸಿ ಕರೆತಂದರು. ಆಗ ಅಪ್ಪನ ನಗು ನಿಂತಿತು.

ರಾಯಚೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಅವ್ವನಿಗೆ ಒಂದಾದ ಮೇಲೊಂದು ಪ್ರಶ್ನೆ ಹಾಕಿದರು. ಇದು ಯಾವ ಊರು, ಈಗ ಯಾವ ಕಾಲ, ನಿಮ್ಮ ಗಂಡನ ಹೆಸರೇನು. ಕೊನೆಯ ಪ್ರಶ್ನೆಗೆ ಅವ್ವ ತಲೆ ತಗ್ಗಿಸಿ ನಕ್ಕಳು. ಡಾಕ್ಟರು ಏನೋ ಬರೆದುಕೊಳ್ಳಲು ಹೋದರು. ಅಪ್ಪ ಕುರ್ಚಿಯಿಂದ ಅರ್ಧ ಎದ್ದು, "ಸಾಹೇಬ್ರ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ನಮ್ಮ ಹೆಣ್ಣಮಕ್ಕಳು ಹೆಸರ ಹೇಳಂಗಿಲ್ಲ," ಎಂದ. ಡಾಕ್ಟರು ಒಳ್ಳೆಯವರು, ಬರೆಯದೆ ಪೆನ್ನು ಕೆಳಗಿಟ್ಟರು. ಆದರೆ ಅವಳಿಗೆ ಹೆಸರು ಗೊತ್ತಿದ್ದು ಹೇಳಲಿಲ್ಲವೋ, ಗೊತ್ತಿಲ್ಲದೆ ನಕ್ಕಳೋ, ನಮಗೆ ಯಾರಿಗೂ ತಿಳಿಯುವ ದಾರಿ ಇರಲಿಲ್ಲ. ಬದುಕಿನಲ್ಲಿ ಎಂದೂ ಕರೆಯದ ಹೆಸರನ್ನು ಅವಳು ಯಾವ ದಿನ ಮರೆತಳು ಎಂದು ಹೇಗೆ ಹೇಳುವುದು?

ಇದು ಮರೆವಿನ ಕಾಯಿಲೆ, ಮೆದುಳು ಸವೆಯುತ್ತದೆ, ಇದಕ್ಕೆ ಔಷಧವಿಲ್ಲ, ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೊರಗೆ ಬಂದ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತ ನನಗೆ ಹೇಳಿದ. "ಎಲ್ಲಾ ಮರೀಲಿ ಶಾಂತವ್ವ. ಬೀಜ ಮರೀಲಿ, ರೊಟ್ಟಿ ಮರೀಲಿ. ನನ್ನ ಒಬ್ಬನ್ನ ಗುರತಾ ಹಿಡುದ್ರ ಸಾಕು. ಅಷ್ಟಕ್ಕರ ಔಷಧ ಇರಬೇಕಲ್ಲವಾ?" ಆ ವರ್ಷ ಪೂರ್ತಿ ಅವನು ಬೆನ್ನು ಹತ್ತಿದ್ದು ಅಷ್ಟಕ್ಕೇ.

ಮೊದಲು ಹೋದದ್ದು ಲಿಂಗಸುಗೂರಿನ ಹಕೀಮ ಸಾಹೇಬರ ಬಳಿ. ಅವರು ಅವ್ವನ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. "ಯಾದ್‌ದಾಸ್ತ್, ಅಂದ್ರ ನೆನಪು, ಕಮಜೋರ್ ಆಗ್ಯದ ಅಮರಪ್ಪನೋರೆ. ಮೋತಿ ಮತ್ತ ಅಂಬರ್ ಹಾಕಿದ ಖಮೀರಾ ಕೊಡ್ತೀನಿ. ಎರಡೂ ಸಮುಂದರದ ಮಾಲು. ದಿಲ್ ದಿಮಾಗ್ ಎರಡಕ್ಕೂ ತಾಕತ್ ಬರ್ತದ," ಎಂದು ಪಾಕದಂಥ ಲೇಹ್ಯದ ಗಾಜಿನ ಭರಣಿ ಕೊಟ್ಟರು. ಮೋತಿ ಎಂದರೆ ಮುತ್ತು, ಮುತ್ತು ಎಂದರೆ ರತ್ನ, ರತ್ನಕ್ಕೆ ಏನು ದೋಷ ಎಂದು ಅಪ್ಪ ಸಮಾಧಾನ ಮಾಡಿಕೊಂಡ. ಅಂಬರ್ ಎಂದರೇನು ಎಂದು ಕೇಳಿದ್ದಕ್ಕೆ ಕಡಲ ದಂಡೆಯಲ್ಲಿ ಸಿಗುವ ಸುಗಂಧ ಎಂದರು ಹಕೀಮರು. ಅದೂ ಸರಿ ಎನಿಸಿತು. ಅವ್ವನಿಗೆ ಅದರ ಸಿಹಿ ಹಿಡಿಸಿತು, ಚಮಚ ನೆಕ್ಕುತ್ತಿದ್ದಳು.

ಇಷ್ಟು ಎಚ್ಚರಿಕೆ ಯಾಕೆಂದರೆ, ನಮ್ಮದು ಲಿಂಗ ಕಟ್ಟಿದ ಮನೆ. ಅವ್ವನ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿ ಕರಡಿಗೆ, ಅದರೊಳಗೆ ಅವಳ ಲಿಂಗ. ಹಸುಗೂಸಾಗಿದ್ದಾಗ ಕಟ್ಟಿದ್ದು. ಬೆಳಿಗ್ಗೆ ಮಿಂದು ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವಳು ಹನಿ ನೀರು ಕುಡಿದವಳಲ್ಲ. ಮೈಯಿಂದ ಅದು ಅಗಲಬಾರದು. ಅಗಲಿದರೆ ಪ್ರಾಣ ಹೋದಷ್ಟೇ ಎನ್ನುವ ಜನ. ಮೀನು, ಮಾಂಸದ ಮಾತಂತೂ ದೂರ, ಅವುಗಳ ಹೆಸರು ಹೇಳಿದರೂ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ಉಳಿದುದೆಲ್ಲ ಮರೆಯುತ್ತ ಬಂದರೂ ಅಂಗೈಯ ಆ ಪೂಜೆ ಮಾತ್ರ ತಪ್ಪಿರಲಿಲ್ಲ. ಕೆಲವು ದಿನ ಮಾಡಿದ್ದು ಮರೆತು ಮತ್ತೆ ಮತ್ತೆ ಮಾಡುತ್ತಿದ್ದಳು.

ಪಂಚಮಿಗೆ ಶರಣು ಬಂದ. ಲಿಂಗಸುಗೂರಿನ ನಮ್ಮ ಸೋದರಮಾವನ ಮಗ, ಕಾರವಾರದಲ್ಲಿ ಕಡಲ ಜೀವಿಗಳ ಬಗ್ಗೆ ಎಂ.ಎಸ್ಸಿ. ಓದುತ್ತಿದ್ದ. ಕಾಲುವೆ ನೀರನ್ನೇ ದೊಡ್ಡದು ಎಂದುಕೊಂಡ ಊರಿಗೆ ಅವನೊಬ್ಬ ಸಮುದ್ರದ ಏಜೆಂಟ. ಚೀಲದಿಂದ ಚಿಪ್ಪು, ಶಂಖ, ಒಣಗಿದ ಪಾಚಿ, ಒಂದು ಸ್ಪಂಜು ತೆಗೆದು ಕಟ್ಟೆಯ ಮೇಲೆ ಹರಡಿ, ಸ್ಪಂಜು ಗಿಡವಲ್ಲ, ಪ್ರಾಣಿ ಎಂದು ಅಪ್ಪನಿಗೆ ವಿವರಿಸತೊಡಗಿದ. ಅವನ ವಿವರಣೆ ಮುಗಿಯುವುದರೊಳಗೆ ಅವ್ವ ಬಂದು ಸ್ಪಂಜನ್ನು ಎತ್ತಿಕೊಂಡು ಹೋಗಿ ಹುಣಸೆಹಣ್ಣು ಹಚ್ಚಿ ಪೂಜೆಯ ತಂಬಿಗೆ ತಿಕ್ಕಿದಳು. ಎಷ್ಟು ಫಳಫಳ ಮಾಡಿದಳೆಂದರೆ ಶರಣುವೂ ನಕ್ಕುಬಿಟ್ಟ. ಆ ಪಂಚಮಿಯಲ್ಲಿ ನಾವು ಮನಸಾರೆ ನಕ್ಕದ್ದು ಅದೊಂದೇ ಸಲ.

ನಕ್ಕು ಮುಗಿಸಿ ಒಳಗೆ ಬಂದವನ ಕಣ್ಣು ಖಮೀರಾದ ಭರಣಿಯ ಮೇಲೆ ಬಿತ್ತು.

"ಮಾಮ, ಅತ್ತೆಗೆ ಅಂಬರ್ ಕೊಡಾಕತ್ತೀರೇನು?"

"ಹೂಂ. ಯಾಕಪ, ಚಲೋದಲ್ಲೇನು?"

"ಚಲೋ ಕೆಟ್ಟದ್ದು ಬ್ಯಾರೆ ಮಾತು ಮಾಮ. ಅದು ತಿಮಿಂಗಲದ ಹೊಟ್ಟ್ಯಾಗಿಂದ ಬರೋದು."

ಅಪ್ಪ ಗೋಡೆ ಹಿಡಿದು ಕೂತ. ನನಗೆ ಶರಣುವಿನ ಕೆನ್ನೆಗೆ ಒಂದು ಬಾರಿಸಬೇಕು ಎನಿಸಿತು. ಓದಿದ್ದನ್ನೆಲ್ಲ ತಕ್ಷಣ ಕಕ್ಕಿಬಿಡುವ ಮಕ್ಕಳ ಮೇಲೆ ನಾನು ತರಗತಿಯಲ್ಲೂ ಹೀಗೆಯೇ ಸಿಟ್ಟಾಗುತ್ತಿದ್ದೆ. ಅವನು ಕಂಗಾಲಾಗಿ ಸಮಾಧಾನಕ್ಕೆಂದು ಇನ್ನಷ್ಟು ಹೇಳಿದ. ಕಡಲಿನಲ್ಲಿ ಕೈಕಾಲಿಲ್ಲದ, ಓಡಲಾರದ ಜೀವಿಗಳು ಬದುಕಲೆಂದು ಮೈಯೊಳಗೆ ಎಂತೆಂಥದೋ ವಸ್ತು ತಯಾರಿಸಿಕೊಳ್ಳುತ್ತವೆ. ವಿದೇಶದಲ್ಲಿ ಅವುಗಳನ್ನು ಸೋಸಿ ತೆಗೆದು ಇಲಿಗಳಿಗೆ ಕೊಟ್ಟು ನೋಡುತ್ತಿದ್ದಾರೆ. ಮೆದುಳಿನ ನರಗಳಿಗೆ ಅದರಿಂದ ಉಪಯೋಗವಾಗಬಹುದು ಎನ್ನುತ್ತಾರೆ. ಮೀನಿನ ಎಣ್ಣೆಯೂ ಮೆದುಳಿಗೆ ಒಳ್ಳೆಯದು ಎನ್ನುವವರಿದ್ದಾರೆ.

"ಮರವಿಗೂ ಆಗತೈತೇನು?" ಅಪ್ಪ ಕೇಳಿದ.

"ಆಗಬಹುದು ಅಂತಾರ ಮಾಮ. ಇನ್ನೂ ಗೊತ್ತಿಲ್ಲ. ಔಷಧ ಆಗಾಕ ಭಾಳ ವರ್ಷ ಬೇಕು."

"ಇದರಾಗ ಯಾವುದೂ ಇನ್ನೂ ಔಷಧ ಅಲ್ಲಪ್ಪಾ," ಎಂದು ನಾನೂ ಬಿಡಿಸಿ ಹೇಳಿದೆ. "ಇಲಿಗೆ ಆದದ್ದು ಮನಶ್ಯಾಗ ಆಗಬೇಕಂತಿಲ್ಲ. ತಿಳೀತೇನು?"

ಅಪ್ಪ ತಲೆಯಾಡಿಸಿದ. ಆದರೆ ಅವನು ಕೇಳಿಸಿಕೊಂಡದ್ದು "ಆಗಬಹುದು" ಎಂಬ ಒಂದೇ ಮಾತನ್ನು ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರಲ್ಲ, ಹಾಗೆ.

ಶಾಲೆಯಲ್ಲಿ ನನ್ನ ಜೊತೆ ಮಾಲತಿ ಇದ್ದಳು, ಹೊಲಿಗೆ ಟೀಚರು. ಪೂರ್ವ ಬಂಗಾಲದ ನಿರಾಶ್ರಿತರಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಆರ್.ಎಚ್. ಕ್ಯಾಂಪಿನ ಬಂಗಾಲಿ ಮನೆಯವಳು. ಇಲ್ಲಿಗೆ ಬಂದಾಗ ಚಿಕ್ಕ ಹುಡುಗಿ, ಈಗ ನಮಗಿಂತ ಚೆನ್ನಾಗಿ ನಮ್ಮ ಮಾತು ಆಡುತ್ತಿದ್ದಳು. ಮಧ್ಯಾಹ್ನ ಅವಳು ಅನ್ನ ಮೀನು ಬಿಚ್ಚುವಾಗ ಕಿಟಕಿಯ ಕಡೆ ತಿರುಗಿ ಕೂರುವುದು, ನಾನು ಕಾಣದವಳಂತೆ ರೊಟ್ಟಿ ಮುರಿಯುವುದು ನಮ್ಮಿಬ್ಬರ ಒಪ್ಪಂದ. ಒಂದು ದಿನ ತಡೆಯಲಾರದೆ ಕೇಳಿದೆ, ಮೀನು ತಿಂದರೆ ನೆನಪು ಗಟ್ಟಿ ಅಂತಾರಲ್ಲ, ಹೌದೇನು ಎಂದು.

"ನಮ್ಮ ಮಂದಿನೂ ಹಂಗ ಅಂತಾರ ಶಾಂತಾ ಮೇಡಂ," ಎಂದಳು. "ಮಕ್ಕಳಿಗೆ ಮೀನಿನ ತಲಿ ತಿನ್ನು, ಶಾಣ್ಯಾ ಆಗ್ತಿ ಅಂತಾರ. ಆದ್ರ ನಮ್ಮಮ್ಮ ಹುಟ್ಟಿದಾಗಿಂದ ಮೀನು ತಿಂದಾಕಿ. ಕಡೀಕ ನಮ್ಮನ್ನೆಲ್ಲ ಮರತಳು. ಕ್ಯಾಂಪಿನ ಕಾಲುವಿ ಮುಂದ ನಿಂತು, ಆ ಕಡಿ ದಂಡಿಗೆ ನನ್ನ ಮನಿ ಐತಿ, ದೋಣಿ ಯಾಕ ಬರವಲ್ದು ಅಂತ ಅಳ್ತಿದ್ಲು." ಡಬ್ಬಿಯ ಮುಚ್ಚಳ ಹಾಕುತ್ತ, "ಒಂದೊಂದು ದಿನ ದೋಣಿ ನಾಳೆ ಬರತೈತಿ ಅಂತ ನಾನ ಸುಳ್ಳು ಹೇಳ್ತಿದ್ದೆ," ಎಂದಳು.

ಆ ಮಾತನ್ನು ಮನೆಗೆ ಬಂದು ಅಪ್ಪನಿಗೆ ಹೇಳಬೇಕೆಂದುಕೊಂಡೆ. ಅವ್ವನ ಪಕ್ಕ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದವನ ಮುಖ ನೋಡಿ ಹೇಳಲಾಗಲಿಲ್ಲ.

ಮಹಾನವಮಿ ರಜೆ ಬಂತು. ದಿನಾ ಮೊದಲ ಬಸ್ಸಿಗೆ ಓಡುವ ನಾನು ಬೆಳಗಿನ ಹೊತ್ತು ಮನೆಯಲ್ಲಿದ್ದೆ. ಅಡಿಗೆ ಮನೆಯಿಂದ ಬರುವಾಗ ಪಡಸಾಲೆಯಲ್ಲಿ ಕಂಡದ್ದು ಇದು. ಅವ್ವ ಪೂಜೆ ಮುಗಿಸಿ ಕೂತಿದ್ದಾಳೆ. ಅಪ್ಪ ಅವಳ ಹಿಂದೆ ನಿಂತು ಕೊರಳಿನ ಶಿವದಾರವನ್ನು ತಲೆಯ ಮೇಲಿನಿಂದ ಮೆಲ್ಲಗೆ ತೆಗೆಯುತ್ತಿದ್ದಾನೆ. ಕರಡಿಗೆಯನ್ನು ತನ್ನ ಎಡ ಮುಷ್ಟಿಯಲ್ಲಿ ಹಿಡಿದು, ಬಲಗೈಯಿಂದ ಹಳದಿ ಬಣ್ಣದ ಗುಳಿಗೆಯನ್ನು ಅವಳ ಬಾಯಿಗೆ ಹಾಕಿ ನೀರು ಕುಡಿಸಿದ. ಬಾಯಿ ತೊಳೆಸಿ, ಒರೆಸಿ, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿ, ಆಮೇಲೆ ಲಿಂಗವನ್ನು ಮತ್ತೆ ಕೊರಳಿಗೆ ಹಾಕಿದ. ನನ್ನನ್ನು ಕಂಡು ಅಲ್ಲೇ ನಿಂತ. ಮನೆಯಲ್ಲಿ ಮೀನಿನ ಆ ವಾಸನೆ ಇತ್ತು.

"ಅದು ಮೀನೆಣ್ಣಿ ಅಲ್ಲೇನಪ್ಪಾ?"

"ಹೌದು."

"ನಿನ್ನ ಕೈಯಾರ ಅವ್ವನ ಲಿಂಗ ತಗದಿ."

ಅಪ್ಪ ಬಹಳ ಯೋಚಿಸಿ ಇಟ್ಟುಕೊಂಡಿದ್ದ ಉತ್ತರ ಕೊಟ್ಟ. "ಕೊರಳಾಗ ಲಿಂಗ ಇಟಗೊಂಡು ಅದನ್ನ ತಿಂದ್ರ ಅಕಿ ನೇಮ ಕೆಡತೈತಿ. ಲಿಂಗ ನನ್ನ ಕೈಯಾಗಿದ್ದಾಗ ಅಕಿಗೆ ನೇಮ ಇಲ್ಲ. ತಗದಾವ ನಾನು, ಕೊಟ್ಟಾವ ನಾನು. ಪಾಪ ಇದ್ರ ನನ್ನ ಕೊರಳಿಗೆ ಬರ್ಲಿ, ಅಕಿಗೆ ಹತ್ತೂದು ಬ್ಯಾಡ. ಅಂಬರ್ ಅಂತೂ ತಿಳೀದ ತಿನಿಸೀನಿ. ಇದನ್ನ ತಿಳದ ತಿನಿಸಾಕತ್ತೀನಿ."

ನಮ್ಮ ಜನರಲ್ಲಿ ಗಂಡಸರು ಹೆಂಡತಿಗಾಗಿ ಏನೇನೋ ಮಾಡಿದ್ದನ್ನು ಕೇಳಿದ್ದೇನೆ. ಬದುಕಿಡೀ ಬಿಡದ ನೇಮ ಮುರಿದ ಪಾಪವನ್ನು ಹೀಗೆ ತನ್ನ ತಲೆಯ ಮೇಲೆ ಎಳೆದುಕೊಂಡವನನ್ನು ನಾನು ಬೇರೆ ನೋಡಿಲ್ಲ. ಬೈಯಬೇಕೆಂದು ಬಂದವಳು ಬೈಯದೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಆ ದಿನದಿಂದ ಅಪ್ಪ ಮಠದ ಕಡೆ ಹೋಗುವುದನ್ನು ಬಿಟ್ಟ. ಕೇಳಿದವರಿಗೆ ಕಾಲು ನೋವು ಎನ್ನುತ್ತಿದ್ದ.

ನೆಲ್ಲು ಕೊಯ್ಲಿಗೆ ಬಂತು. ದಢೇಸುಗೂರಿನ ಕಡೆಯಿಂದ ನೆಲ್ಲಿನ ಲಾರಿಗಳು ಸಿಂಧನೂರಿನ ಮಿಲ್ಲುಗಳಿಗೆ ಸಾಲುಗಟ್ಟಿ, ನನ್ನ ಬಸ್ಸು ದಿನಾ ತಡವಾಗುತ್ತಿತ್ತು. ಮನೆಗೆ ಬಂದರೆ ಅಪ್ಪ ಅಂದಿನ ಸುದ್ದಿ ಹೇಳಲು ಕಾಯುತ್ತಿರುತ್ತಿದ್ದ. ಇವತ್ತು ಅವಳು ತೊಗರಿಯನ್ನು ತೊಗರಿ ಎಂದಳು. ಇವತ್ತು ನನ್ನನ್ನು ನೋಡಿ ಉಂಡಿರೇನು ಎಂದು ಕೇಳಿದಳು. ಕಾಯಿಲೆಯಲ್ಲಿ ಒಂದು ದಿನ ಬಿಸಿಲು, ಒಂದು ದಿನ ಮೋಡ ಇರುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪನಿಗೆ ಬಿಸಿಲೆಲ್ಲ ಗುಳಿಗೆಯದು, ಮೋಡ ಮಾತ್ರ ಕಾಯಿಲೆಯದು.

ಅದೇ ದಿನಗಳಲ್ಲಿ ಅವ್ವ ಶಿವದಾರಕ್ಕೆ ಗಂಟು ಹಾಕತೊಡಗಿದಳು. ಗಂಟಿನ ಮೇಲೆ ಗಂಟು. ದಾರ ಗಿಡ್ಡವಾಗುತ್ತ ಬಂದು ಕರಡಿಗೆ ಗಂಟಲಿಗೇ ಹತ್ತುತ್ತಿತ್ತು. ತಲೆಯ ಮೇಲಿನಿಂದ ತೆಗೆಯಲು ಬರುತ್ತಿರಲಿಲ್ಲ. ಕೈಗೆ ಕೆಲಸವಿಲ್ಲದೆ ಆಡುತ್ತಿದ್ದಾಳೆ ಎಂದುಕೊಂಡು ನಾನು ಸಂಜೆ ಕೂತು ಬಿಡಿಸುತ್ತಿದ್ದೆ. ಬಿಡಿಸುವಾಗ ಅವಳು ನನ್ನ ಕೈ ಹಿಡಿದು, "ಇರಲಿ ಬಿಡವ್ವಾ, ಕಳ್ಳರು ಬರ್ತಾರ," ಎನ್ನುತ್ತಿದ್ದಳು. ನಮ್ಮ ಮನೆಗೆ ಯಾವ ಕಳ್ಳರು ಬರ್ತಾರವ್ವಾ, ಹರಿದ ಚೀಲ ಒಯ್ಯಾಕ, ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ. ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಊಟ ಮಾಡುವ ಹಬ್ಬ. ಸಜ್ಜೆ ರೊಟ್ಟಿ, ಎಣ್ಣೆ ಬದನೆಕಾಯಿ ಬುಟ್ಟಿಗೆ ತುಂಬಿದ್ದೆ. ಅಂಗಡಿಯ ಮುಂದೆ ನಮ್ಮ ಹೊಲದವರು ಟ್ರ್ಯಾಕ್ಟರ್ ನಿಲ್ಲಿಸಿ ಕಾಯುತ್ತಿದ್ದರು. ಹೊರಡುವ ಮುನ್ನ ಗುಳಿಗೆ ಕೊಟ್ಟುಬಿಡೋಣ ಎಂದು ಅಪ್ಪ ಪಡಸಾಲೆಗೆ ಹೋದ.

ಅವ್ವ ಕೂಗಿದ್ದು ಕೇಳಿ ಬುಟ್ಟಿ ಬಿಟ್ಟು ಓಡಿದೆ. ಅವಳು ಮೂಲೆಗೆ ಆನಿಕೊಂಡು ಕರಡಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಅಪ್ಪನ ಕೈ ಇನ್ನೂ ಶಿವದಾರದ ಮೇಲಿತ್ತು. ಅವ್ವ ಅವನ ಮುಖವನ್ನೇ ನೋಡುತ್ತ, ಬಾಗಿಲ ಕಡೆಗೆ ಕೂಗುತ್ತಿದ್ದಳು.

"ಅಮರಪ್ಪನೋರಾ, ಎಲ್ಲದೀರಿ, ಲಗೂ ಬರ್ರಿ. ಈ ಮುದುಕ ಮತ್ತ ಬಂದಾನ. ನನ್ನ ಲಿಂಗ ಕಸಗೋತಾನ. ಅಮರಪ್ಪನೋರಾ."

ಅಂಗಡಿಯ ಮುಂದಿನವರು ಬಾಗಿಲಿಗೆ ಬಂದು ನಿಂತರು. ಮದುವೆಯಾದಂದಿನಿಂದ ಒಡಪಿನ ಹೊರಗೆ ಒಮ್ಮೆಯೂ ಹೇಳದ ಹೆಸರನ್ನು ಅವ್ವ ಬಾಯಿ ತುಂಬ ಕರೆಯುತ್ತಿದ್ದಳು, ಆ ಹೆಸರಿನವನಿಂದಲೇ ಬಿಡಿಸಿಕೊಳ್ಳಲು. ಅಪ್ಪ ಕೈ ಬಿಟ್ಟ. ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೊಸ್ತಿಲು ದಾಟಿದ. ನಾನು ಅವ್ವನನ್ನು ತಬ್ಬಿ ಹಿಡಿದೆ. ಹೆದರಿದ ಹಕ್ಕಿಯ ಹಾಗೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಅವಳಿಗೆ ಹೀಗೆಯೇ ಆಗಿರಬೇಕು. ಹಳೆಯದೆಲ್ಲ ಅಳಿಸಿಹೋಗುತ್ತಿದ್ದ ಆ ತಲೆಯಲ್ಲಿ ಆ ವರ್ಷ ಹೊಸದಾಗಿ ನಿಂತದ್ದು ಒಂದೇ: ಬೆಳಗಾದರೆ ಒಬ್ಬ ಮುದುಕ ಬರುತ್ತಾನೆ, ಕೊರಳಿಗೆ ಕೈ ಹಾಕುತ್ತಾನೆ. ಗುರುತು ಹಿಡಿಯಲಿ ಎಂದು ಅವನು ಮಾಡಿದ್ದು, ಅವಳು ಅವನನ್ನು ಗುರುತು ಹಿಡಿದದ್ದು ಹಾಗೆ.

ಹೊಲಕ್ಕೆ ಯಾರೂ ಹೋಗಲಿಲ್ಲ. ಮಧ್ಯಾಹ್ನ ಅಪ್ಪ ಅಂಗಡಿಯ ಬೀಜದ ಚೀಲಗಳ ನಡುವೆ ಕೂತಿದ್ದ. ರೊಟ್ಟಿ ತೆಗೆದುಕೊಂಡು ಹೋದೆ.

"ಶಾಂತವ್ವ, ಕೇಳಿದೇನು?" ಎಂದ. "ಹೆಸರ ಮರತಿಲ್ಲ ನೋಡು."

"ಕೇಳಿದೆ ಅಪ್ಪಾ."

"ಅಮರಪ್ಪ ನೆನಪದಾನ ಅಕಿಗೆ. ಈ ಮುದುಕ ಯಾರಂತ ಗೊತ್ತಿಲ್ಲ, ಅಷ್ಟ." ರೊಟ್ಟಿ ಮುರಿಯಲು ಹೋಗಿ ಮುರಿಯಲಾಗದೆ ತಟ್ಟೆ ನನ್ನ ಕಡೆ ಸರಿಸಿದ. ಅವನು ಬಾಯಿಬಿಟ್ಟು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಉಳಿದ ಗುಳಿಗೆಗಳನ್ನು ಅವನೇ ಹಿತ್ತಲಿನ ತಿಪ್ಪೆಗೆ ಸುರಿದ. ಓಣಿಯ ಬೆಕ್ಕುಗಳೆಲ್ಲ ಬಂದು ಕಾದಾಡಿದವು. ಆಮೇಲೆ ಅವ್ವನ ಎದುರಿಗೆ ಹೋಗುವುದನ್ನೇ ಬಿಟ್ಟ. ಊಟ ನಿದ್ದೆ ಎಲ್ಲ ಅಂಗಡಿಯಲ್ಲೇ. ಅವನ ಕೆಮ್ಮು ಕೇಳಿದರೂ ಅವಳ ಕೈ ಕೊರಳಿಗೆ ಹೋಗುತ್ತಿತ್ತು, ಅದನ್ನು ಅವನು ನೋಡಿದ್ದ. ಕೆಮ್ಮು ಬಂದರೆ ಎದ್ದು ರಸ್ತೆಗೆ ಹೋಗಿ ಕೆಮ್ಮುತ್ತಿದ್ದ. ಸಂಜೆ ನಾನು ಬಸ್ಸಿಳಿದು ಬಂದಾಗ ಅವ್ವ ಕೇಳುತ್ತಿದ್ದಳು, ನಮ್ಮ ಮನೆಯವರು ಇನ್ನೂ ಯಾಕೆ ಬರಲಿಲ್ಲ ಎಂದು. "ಲಿಂಗಸೂರು ಬಜಾರಕ್ಕ ಹೋಗ್ಯಾನವ್ವಾ, ನಾಳೆ ಬರ್ತಾನ," ಎನ್ನುತ್ತಿದ್ದೆ. ಗೋಡೆಯ ಆಚೆ ಅಪ್ಪನಿಗೆ ಎಲ್ಲ ಕೇಳುತ್ತಿತ್ತು. ಮಾಲತಿಯ ದೋಣಿ ಆಗ ನೆನಪಾಗುತ್ತಿತ್ತು.

ಬೇಸಿಗೆ ಕಾಲಿಡುವ ಹೊತ್ತಿಗೆ ಅವ್ವ ನುಂಗುವುದನ್ನೇ ಮರೆತಳು. ಕಾಲುವೆಗೆ ನೀರು ಬಿಡುವುದು ನಿಂತ ವಾರ ತೀರಿಕೊಂಡಳು. ಬೆಳಗಿನ ಪೂಜೆಗೆಂದು ಅಂಗೈ ಬಿಚ್ಚಿದ್ದಳು, ಹಾಗೆಯೇ ಇದ್ದಳು.

ನಮ್ಮಲ್ಲಿ ಹೋದವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲೇ ಇಟ್ಟು ಕಳಿಸುತ್ತಾರೆ. ಗುಡ್ಡದ ಕೆಳಗಿನ ನಮ್ಮ ಹೊಲದಲ್ಲಿ ಕುಣಿ ತೆಗೆದಿದ್ದರು. ಅವ್ವನ ಹಣೆ ತುಂಬ ವಿಭೂತಿ, ಕೊರಳಲ್ಲಿ ಗಂಟುಗಂಟಿನ ಅದೇ ಶಿವದಾರ; ಅದನ್ನು ಬಿಡಿಸಲು ನಾನು ಯಾರಿಗೂ ಕೊಟ್ಟಿರಲಿಲ್ಲ. ಮಂತ್ರ ಹೇಳುತ್ತಿದ್ದ ಅಯ್ಯನವರು ಅಪ್ಪನನ್ನು ಕರೆದರು.

"ಅಮರಪ್ಪನೋರೆ, ಲಿಂಗ ತಗದು ಕೈಯಾಗ ಇಡ್ರಿ."

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವ್ವನ ಮುಖ ನೋಡಿದ. ಮತ್ತೆ ನನ್ನ ಕಡೆ ತಿರುಗಿ, ಎಲ್ಲಿ ಅವಳಿಗೆ ಕೇಳಿಸೀತೋ ಎಂಬಂತೆ ದನಿ ತಗ್ಗಿಸಿ ಹೇಳಿದ.

"ನೀ ಇಡವ್ವಾ. ನನ್ನ ಕೈ ಕಂಡ್ರ ಅಂಜ್ತಾಳ."

ನಾನು ಇಳಿದು ಇಟ್ಟೆ. ಅವ್ವನ ಬೆರಳುಗಳನ್ನು ಅದರ ಮೇಲೆ ಮಡಿಸಿದೆ. ತಲೆಯೆತ್ತಿ ನೋಡಿದಾಗ ಕುಣಿಯ ಅಂಚಿನಲ್ಲಿ ಅಪ್ಪ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದ.